ಒಂದು ಕೊರಳು, ಹಲವು ಮನೆ

2005ರ ಮೇ ತಿಂಗಳು. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ‘ದಿ ಓ.ಸಿ.’ ಧಾರಾವಾಹಿಯ ಎರಡನೇ ಸೀಸನ್ನಿನ ಕೊನೆಯ ಕಂತು. ಅಣ್ಣತಮ್ಮಂದಿರಿಬ್ಬರು ಜೀವ ಹೋಗುವ ಹಾಗೆ ಹೊಡೆದಾಡುತ್ತಿದ್ದಾರೆ. ಅವರನ್ನು ಬಿಡಿಸಲಾಗದೆ ಹುಡುಗಿಯೊಬ್ಬಳು ಪಿಸ್ತೂಲು ಎತ್ತಿಕೊಂಡು ಗುಂಡು ಹಾರಿಸುತ್ತಾಳೆ. ಗುಂಡಿನ ಸದ್ದು ಅಡಗುವಷ್ಟರಲ್ಲಿ ಹಿನ್ನೆಲೆಯಲ್ಲಿ ಒಂದು ಹಾಡು ಏಳುತ್ತದೆ. ಡ್ರಮ್ ಇಲ್ಲ, ಗಿಟಾರ್ ಇಲ್ಲ. ಒಂದೇ ಹೆಣ್ಣುದನಿ ಹತ್ತಾರು ದನಿಗಳಾಗಿ ಸೀಳಿಕೊಂಡು, ಅರ್ಧ ಮನುಷ್ಯರ ಹಾಗೆ, ಅರ್ಧ ಯಂತ್ರದ ಹಾಗೆ ಕೇಳಿಸುತ್ತದೆ. ‘ಹೈಡ್ ಅಂಡ್ ಸೀಕ್’ ಎಂಬ ಆ ಹಾಡನ್ನು ಬರೆದು, ಹಾಡಿ, ಧ್ವನಿಮುದ್ರಿಸಿದವರು ಲಂಡನ್ ಅಂಚಿನ ಎಸೆಕ್ಸ್ ಕಡೆಯ ಇಮೊಜೆನ್ ಹೀಪ್. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಎರಡೇ ವರ್ಷಕ್ಕೆ, 2007ರ ಏಪ್ರಿಲ್‌ನಲ್ಲಿ, ‘ಸ್ಯಾಟರ್ಡೇ ನೈಟ್ ಲೈವ್’ ಹಾಸ್ಯ ಕಾರ್ಯಕ್ರಮ ಆ ದೃಶ್ಯವನ್ನೇ ಗೇಲಿ ಮಾಡಿತು. ಒಬ್ಬ ಇನ್ನೊಬ್ಬನಿಗೆ ಗುಂಡು ಹೊಡೆಯುತ್ತಾನೆ, ಹಾಡು ಶುರು. ಗುಂಡು ತಿಂದವನು ತಿರುಗಿ ಹೊಡೆಯುತ್ತಾನೆ, ಹಾಡು ಮತ್ತೆ ಶುರು. ನೋಡಿದವರು ಬಿದ್ದು ಬಿದ್ದು ನಕ್ಕರು. 2009ರಲ್ಲಿ ಜೇಸನ್ ಡೆರುಲೊ ಎಂಬ ಹೊಸ ಗಾಯಕ ಅದೇ ಹಾಡಿನ ತುಣುಕೊಂದನ್ನು ಎತ್ತಿಕೊಂಡು ‘ವಾಚಾ ಸೇ’ ಕಟ್ಟಿದ. ಪ್ರೇಯಸಿಗೆ ಮೋಸ ಮಾಡಿ ಸಿಕ್ಕಿಬಿದ್ದವನೊಬ್ಬ ಗೋಗರೆಯುವ ಹಾಡು ಅದು. ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. 2017ರ ಮೇ 22ರಂದು ಮ್ಯಾಂಚೆಸ್ಟರಿನಲ್ಲಿ ಅರಿಯಾನಾ ಗ್ರಾಂಡೆಯ ಕಛೇರಿ ಮುಗಿಯುವ ಹೊತ್ತಿಗೆ ಬಾಂಬ್ ಸಿಡಿದು 22 ಮಂದಿ ಸತ್ತರು. ಜೂನ್ 4ರಂದು ಅದೇ ಊರಿನಲ್ಲಿ ನಡೆದ ನೆರವಿನ ಕಛೇರಿಗೆ ಹೀಪ್ ಬಂದರು. ಹಾಡಿದ್ದು ಇದೇ ‘ಹೈಡ್ ಅಂಡ್ ಸೀಕ್’. ಯಾರಿಗೂ ನಗು ಬರಲಿಲ್ಲ.

ಕೊಲೆ, ಗೇಲಿ, ತಪ್ಪೊಪ್ಪಿಗೆ, ಸಾಮೂಹಿಕ ಶೋಕ. ಹನ್ನೆರಡು ವರ್ಷದಲ್ಲಿ ಒಂದೇ ಹಾಡು ಇಷ್ಟೆಲ್ಲ ಕಡೆ ಬಾಡಿಗೆಗೆ ಹೋಗಿ ಬಂತು. ಹಾಗಾದರೆ ಅದು ಯಾವುದರ ಬಗ್ಗೆ?

ಕೇಳುಗರು ಬಹುಕಾಲದಿಂದ ನಂಬಿಕೊಂಡು ಬಂದಿರುವುದು ಒಂದು ಮನೆಯ ಕತೆಯನ್ನು. ಹೀಪ್ ಹುಟ್ಟಿದ್ದು 1977ರ ಡಿಸೆಂಬರ್ 9ರಂದು. ಹನ್ನೆರಡರ ವಯಸ್ಸಿನಲ್ಲಿ ತಂದೆತಾಯಿ ಬೇರೆಯಾದರು. ಹುಡುಗಿ ಬೋರ್ಡಿಂಗ್ ಶಾಲೆ ಸೇರಿದಳು. ಹಾಡಿನ ಸಾಹಿತ್ಯದಲ್ಲಿ ಜಗಳವಿಲ್ಲ, ವಕೀಲರಿಲ್ಲ, ಅಪ್ಪ ಅಮ್ಮ ಎಂಬ ಮಾತೂ ಇಲ್ಲ. ಇರುವುದು ಮನೆಯ ಸಾಮಾನುಗಳು, ಬೋಳಾದ ಗೋಡೆಗಳು, ಮತ್ತು ಎಲ್ಲವೂ ಒಳ್ಳೆಯದಕ್ಕೇ ಎಂದು ಸಮಾಧಾನ ಹೇಳುವ ದೊಡ್ಡವರ ಮೇಲೆ ಒಂದು ಮಗುವಿಗೆ ಇರಬಹುದಾದ ಸಿಟ್ಟು. ಸಾಮಾನು ಸಾಗಿಸಿದ ಮೇಲೆ ಮನೆಯಲ್ಲಿ ನಿಂತು ನೋಡುವವರ ಕಣ್ಣು ಅದು. ಯಾರು ಯಾರನ್ನು ಬಿಟ್ಟರು ಎಂದು ಹೇಳದೆ ಇರುವುದರಿಂದಲೇ ಪ್ರತಿಯೊಬ್ಬರಿಗೂ ಅದರೊಳಗೆ ತಮ್ಮ ಸಾಮಾನು ತಂದಿಡಲು ಜಾಗ ಸಿಕ್ಕಿತು.

ಆದರೆ ಸಾಹಿತ್ಯಕ್ಕಿಂತ ಹೆಚ್ಚಿನ ಅರ್ಥ ಅಡಗಿರುವುದು ಅದನ್ನು ಮಾಡಿದ ಬಗೆಯಲ್ಲಿ. ಒಂದು ದಿನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಿಲ್ಲದೆ, ಮೂಲೆಯಲ್ಲಿದ್ದ ಹಾರ್ಮೊನೈಸರ್ ಎಂಬ ಪೆಟ್ಟಿಗೆಗೆ ಕೀಬೋರ್ಡನ್ನೂ ಮೈಕನ್ನೂ ಸಿಕ್ಕಿಸಿ, ಬಾಯಿಗೆ ಬಂದದ್ದನ್ನು ಹಾಡತೊಡಗಿದರು. ಈ ಪೆಟ್ಟಿಗೆಯ ಕೆಲಸ ಸರಳ. ಮೈಕಿನಲ್ಲಿ ಒಂದು ದನಿ ಒಳಗೆ ಹೋಗುತ್ತದೆ. ಕೀಬೋರ್ಡಿನಲ್ಲಿ ಎಷ್ಟು ಮನೆಗಳನ್ನು ಒತ್ತಿದರೆ ಅಷ್ಟು ಸ್ವರಗಳಲ್ಲಿ ಅದೇ ದನಿ, ಅದೇ ಉಚ್ಚಾರ, ಅದೇ ಉಸಿರು ಹೊರಗೆ ಬರುತ್ತದೆ. ಹಾರ್ಮೋನಿಯಂ ನುಡಿಸುತ್ತ ಹಾಡುವವರ ಬೆರಳುಗಳಿಗೂ ಒಂದೊಂದು ಗಂಟಲು ಮೂಡಿದರೆ ಹೇಗಿರುತ್ತದೋ ಹಾಗೆ. ಕೊರಳು ನಿಂತರೆ ಇಡೀ ವಾದ್ಯ ನಿಲ್ಲುತ್ತದೆ. ಹಾಡಿನ ನಡುವೆ ಬರುವ ಆ ದೀರ್ಘ ಮೌನಗಳು ಸುಮ್ಮನೆ ಬಂದವಲ್ಲ, ಹಾಡುವವರು ಉಸಿರು ಎಳೆದುಕೊಳ್ಳುವಾಗ ಯಂತ್ರಕ್ಕೂ ಉಸಿರು ಕಟ್ಟಿದ ಗಳಿಗೆಗಳು.

ಇದನ್ನು ಇವತ್ತಿನ ಆಟೋಟ್ಯೂನ್ ಜತೆ ಬೆರೆಸಿ ಮಾತಾಡುವವರಿದ್ದಾರೆ. ಎರಡರ ದಾರಿ ಬೇರೆ. ನಮ್ಮ ಸಿನಿಮಾ ಹಾಡುಗಳಲ್ಲಿ ದನಿಯ ಓರೆಕೋರೆ ತೀಡಿ ನುಣ್ಣಗೆ ಮಾಡುವುದಕ್ಕೆ ಆ ತಂತ್ರ ಬಳಕೆಯಾಗುತ್ತದೆ. ಕೇಳುಗನಿಗೆ ಗೊತ್ತಾಗದಿದ್ದರೆ ಗೆದ್ದಂತೆ. ಹೀಪ್ ಯಂತ್ರವನ್ನು ಬಚ್ಚಿಡಲಿಲ್ಲ, ಮುಂದೆ ತಂದು ಕೂರಿಸಿದರು. ಒಡೆದ ಮನೆಯ ಹಾಡನ್ನು ಒಬ್ಬರೇ ಕೂತು ಇಡೀ ಕುಟುಂಬದಷ್ಟು ದನಿಗಳಲ್ಲಿ ಹಾಡಿದರು. ಹಾಡಿನ ಅರ್ಥ ನನಗೆ ಕೇಳಿಸುವುದು ಅಲ್ಲಿ. ಅಷ್ಟು ಜನರಿದ್ದ ಹಾಗಿದೆ, ಆದರೆ ಒಬ್ಬಳೇ.

ಯಂತ್ರದ ಜತೆಗಿನ ಈ ಸಲಿಗೆ ಬೋರ್ಡಿಂಗ್ ಶಾಲೆಯಲ್ಲೇ ಶುರುವಾಗಿತ್ತು. ಪಿಯಾನೊ, ಚೆಲ್ಲೊ, ಕ್ಲಾರಿನೆಟ್ ಕಲಿತಿದ್ದ ಹುಡುಗಿ, ಶಿಕ್ಷಕರ ಜತೆ ಹೊಂದಿಕೆಯಾಗದೆ, ಶಾಲೆಯ ಅಟಾರಿ ಕಂಪ್ಯೂಟರಿನ ಮುಂದೆ ಕೂತು ಸ್ವರ ಜೋಡಿಸುವುದನ್ನು ತಾನೇ ಕಲಿತಳು. ಮುಂದೆ ಕ್ರಾಯ್ಡನ್ನಿನ ಬ್ರಿಟ್ ಸ್ಕೂಲ್. ಹದಿನೆಂಟರ ಸುಮಾರಿಗೆ ಆಲ್ಮೊ ಸೌಂಡ್ಸ್ ಕಂಪನಿಯ ಒಪ್ಪಂದ. 1998ರಲ್ಲಿ ಮೊದಲ ಆಲ್ಬಂ ‘ಐ ಮೆಗಾಫೋನ್’. ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಮಾಡಿದ ಶೀರ್ಷಿಕೆ. ಕಂಪನಿ ಮುಚ್ಚಿತು, ಆಲ್ಬಂ ಹೆಚ್ಚು ದೂರ ಹೋಗಲಿಲ್ಲ. ಇಷ್ಟು ಸಾಕು.

ಆಮೇಲಿನ ಕೂಡಿಕೆ ಗೈ ಸಿಗ್ಸ್‌ವರ್ತ್ ಜತೆಯದು. ಬ್ಯೋರ್ಕ್, ಮಡೋನಾ ಜತೆ ಕೆಲಸ ಮಾಡಿದ್ದ ಈ ನಿರ್ಮಾಪಕ ಮತ್ತು ಹೀಪ್ ಸೇರಿ ‘ಫ್ರೂ ಫ್ರೂ’ ಹೆಸರಿನಲ್ಲಿ 2002ರಲ್ಲಿ ‘ಡೀಟೇಲ್ಸ್’ ಆಲ್ಬಂ ತಂದರು. ಸಣ್ಣ ಸಣ್ಣ ಸದ್ದುಗಳ ಕಸೂತಿ ಇರುವ ಈ ಆಲ್ಬಮ್ಮನ್ನು ಆಗ ಕೊಂಡವರು ಕಡಿಮೆ. 2004ರಲ್ಲಿ ಝ್ಯಾಕ್ ಬ್ರ್ಯಾಫ್ ತಮ್ಮ ‘ಗಾರ್ಡನ್ ಸ್ಟೇಟ್’ ಸಿನಿಮಾದಲ್ಲಿ ಇದರ ‘ಲೆಟ್ ಗೋ’ ಹಾಡನ್ನು ಬಳಸಿದರು. ಬಿಗಿಹಿಡಿದದ್ದನ್ನು ಸಡಿಲಿಸು, ಚೂರಾದರೆ ಆಗಲಿ ಎನ್ನುವ ಧಾಟಿಯ ಹಾಡು ಅದು. ತಾಯಿಯ ಸಾವಿಗೂ ಕಣ್ಣೀರು ಬಾರದಷ್ಟು ಮರಗಟ್ಟಿದ ಯುವಕನ ಕತೆಗೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಜೋಡಿ ಆಗಲೇ ಬೇರೆಬೇರೆ ದಾರಿ ಹಿಡಿದಿತ್ತು.

ಒಂಟಿಯಾಗಿ ಮುಂದಿನ ಆಲ್ಬಂ ಮಾಡಲು ಹೀಪ್ ತಮ್ಮ ಫ್ಲ್ಯಾಟಿನ ಮೇಲೆ ಮತ್ತೆ ಸಾಲ ಎತ್ತಿದರು. ಬರೆಯುವುದು, ನುಡಿಸುವುದು, ಮಿಕ್ಸ್ ಮಾಡುವುದು ಹೆಚ್ಚುಕಡಿಮೆ ತಾವೇ. ಬಿಡುಗಡೆಯೂ ಸ್ವಂತ ಸಂಸ್ಥೆಯಿಂದ. 2005ರ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಹೀಗೆ ಬಂತು. ‘ಹೈಡ್ ಅಂಡ್ ಸೀಕ್’ ಇರುವುದು ಇದರಲ್ಲೇ. ಇದೇ ಆಲ್ಬಮ್ಮಿನ ‘ಜಸ್ಟ್ ಫಾರ್ ನೌ’ ಕ್ರಿಸ್‌ಮಸ್ಸಿಗೆ ಒಂದೆಡೆ ಸೇರಿದ ಕುಟುಂಬದ ಹಾಡು. ಊಟ ಮುಗಿಯುವ ತನಕವಾದರೂ ಹಳೆಯ ಜಗಳ ತೆಗೆಯದೆ ಇರೋಣ ಎಂಬ ಕದನವಿರಾಮ. ಹಬ್ಬಕ್ಕೆ ಊರಿಗೆ ಹೋಗಿ ಎರಡನೇ ದಿನಕ್ಕೇ ಬಸ್ ಟಿಕೆಟ್ ಹುಡುಕಿದವರಿಗೆಲ್ಲ ಇದು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ವೇದಿಕೆಯಲ್ಲಿ ಇದನ್ನು ಲೂಪ್ ಯಂತ್ರದ ಮೇಲೆ ಕಟ್ಟುತ್ತಾರೆ: ಒಂದು ಚಪ್ಪಾಳೆ, ಅದು ಸುತ್ತತೊಡಗಿತು, ಮೇಲೊಂದು ಗುನುಗು, ಅದರ ಮೇಲೆ ಇನ್ನೊಂದು. ಹಿಂದೆ ಆಡಿದ ಮಾತು ತೊಲಗದೆ ಸುತ್ತುತ್ತಲೇ ಇರುವಾಗ ಹೊಸ ಮಾತನ್ನು ಅದಕ್ಕೆ ಹೊಂದಿಸಿ ಆಡಬೇಕಾದ ಮನೆಮಂದಿಯ ಪಾಡು ತಂತ್ರದಲ್ಲೇ ಬಂದುಬಿಟ್ಟಿದೆ.

‘ಗುಡ್‌ನೈಟ್ ಅಂಡ್ ಗೋ’ ಹಗುರವಾದ ಹಾಡು. ಇಷ್ಟಪಟ್ಟವನು ಪ್ರತಿ ಸಲವೂ ಶುಭರಾತ್ರಿ ಹೇಳಿ ಹೊರಟೇಬಿಡುವುದರ ತಳಮಳ. ಅದರಲ್ಲಿ ಗಿಟಾರ್ ನುಡಿಸಿದವರು ಜೆಫ್ ಬೆಕ್. ಹೀಪ್ ಇಪ್ಪತ್ತರ ಆಜೂಬಾಜಿನಲ್ಲಿದ್ದಾಗಲೇ ಬೆಕ್ ಈಕೆಯನ್ನು ತಮ್ಮ ಆಲ್ಬಮ್ಮಿಗೆ ಕರೆದು ಹಾಡಿಸಿದ್ದರು. 2007ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಜಾಝ್ ಕ್ಲಬ್ಬಿನ ಕಛೇರಿಗೂ ಕರೆದರು. ಬೆಕ್ ಗಿಟಾರಿನಲ್ಲಿ ತಂತಿಯನ್ನು ಜಗ್ಗಿ ಮನುಷ್ಯನ ದನಿ ತರಿಸುತ್ತಿದ್ದವರು. ಹೀಪ್ ದನಿಯನ್ನು ತಂತಿಯ ಹಾಗೆ ಜಗ್ಗುವವರು. ಇಬ್ಬರಿಗೂ ಒಗ್ಗಿದ್ದು ಆಶ್ಚರ್ಯವಲ್ಲ. ಹಾಡು ಬಂದ ಹದಿಮೂರು ವರ್ಷದ ಮೇಲೆ, 2018ರ ‘ಸ್ವೀಟನರ್’ ಆಲ್ಬಮ್ಮಿನಲ್ಲಿ ಅರಿಯಾನಾ ಗ್ರಾಂಡೆ ಇದೇ ಹಾಡನ್ನು ಹೊಸದಾಗಿ ಬರೆದು ಹಾಡಿದರು. ಹೀಪ್ ಹಾಡಿನಲ್ಲಿ ಹುಡುಗಿ ದೂರದಿಂದ ನೋಡಿ ಸುಮ್ಮನಿರುವವಳು. ಗ್ರಾಂಡೆಯ ಹಾಡಿನಲ್ಲಿ ಪ್ರೀತಿ ಆಗಲೇ ಕೈಗೂಡಿದ ನಿರಾಳವಿದೆ. ನನಗೆ ಮೊದಲನೆಯ ಪುಕ್ಕಲು ಹುಡುಗಿಯೇ ಇಷ್ಟ.

2009ರ ‘ಇಲಿಪ್ಸ್’ ಹೊತ್ತಿಗೆ ಹೀಪ್ ಎಸೆಕ್ಸ್ ಕಡೆಯ ಹಾವರಿಂಗ್‌ನಲ್ಲಿ ತಾವು ಬೆಳೆದ ಹಳೆಯ ಮನೆಗೇ ಮರಳಿ ಅದರಲ್ಲಿ ಸ್ಟುಡಿಯೋ ಮಾಡಿಕೊಂಡಿದ್ದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟಿದ, ಮೊಟ್ಟೆಯಾಕಾರದ ಮನೆ ಅದು. ಆಲ್ಬಮ್ಮಿನ ಹೆಸರು ಬಂದದ್ದು ಅದರ ಆಕಾರದಿಂದ. ಬರಿದಾದ ಮನೆಯ ಹಾಡಿನಿಂದ ಹೆಸರು ಮಾಡಿದವರು ಅದೇ ಮನೆಯನ್ನು ತಂತಿ, ಮೈಕು, ಸ್ಪೀಕರುಗಳಿಂದ ತುಂಬಿದರು. ಮನೆಯ ಕಿರುಗುಟ್ಟುವಿಕೆ, ಬೆಂಕಿಯ ಚಟಪಟ ಎಲ್ಲ ಆಲ್ಬಮ್ಮಿನೊಳಗೆ ಸೇರಿದವು. ಕೆಲಸ ನಡೆಯುತ್ತಿದ್ದಷ್ಟು ಕಾಲ ವಿಡಿಯೊ ಡೈರಿ ಹಾಕಿ ಅಭಿಮಾನಿಗಳನ್ನು ಒಳಗೆ ಬಿಟ್ಟುಕೊಂಡರು. ಈ ಆಲ್ಬಂ ಅವರಿಗೆ 2010ರಲ್ಲಿ ಗ್ರ್ಯಾಮಿ ತಂದಿತು. ಹಾಡಿದ್ದಕ್ಕಲ್ಲ, ಧ್ವನಿಮುದ್ರಣದ ಎಂಜಿನಿಯರಿಂಗ್‌ಗೆ. ಈ ವಿಭಾಗದಲ್ಲಿ ಹೆಂಗಸರ ಹೆಸರು ಕಾಣುವುದೇ ಅಪರೂಪ. ಗಾಯಕಿ ಎಂದರೆ ಗಾಜಿನಾಚೆ ನಿಂತು ಹಾಡುವವಳು, ಈಚೆ ಗುಂಡಿ ತಿರುಗಿಸುವವನು ಗಂಡಸು ಎಂಬ ಸ್ಟುಡಿಯೋ ಪದ್ಧತಿ ಲಂಡನ್ನಿನಲ್ಲೂ ಚೆನ್ನೈಯಲ್ಲೂ ಒಂದೇ.

ಈ ಆಲ್ಬಮ್ಮಿನಿಂದ ಹೀಪ್ ಹಾಡುಗಳಲ್ಲಿ ‘ನಾನು’ ಎನ್ನುವವರು ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ‘ಬ್ಯಾಡ್ ಬಾಡಿ ಡಬಲ್’ನಲ್ಲಿ ಕನ್ನಡಿಯೊಳಗಿನ ಮೈ ಒಬ್ಬ ಬೇರೆ ಹೆಂಗಸು, ಬಿಡದೆ ಹಿಂದೆ ಬೀಳುವ, ಕರೆಯದೆ ಬಂದ ಜೋಡಿ. ತನ್ನ ಮೈಯನ್ನು ತಾನೇ ಒಪ್ಪಲಾಗದ ಸಂಕಟವನ್ನು ಇಷ್ಟು ತಮಾಷೆಯಾಗಿ ಹೇಳಿದ ಹಾಡುಗಳು ಕಡಿಮೆ. ‘ಅರ್ಥ್’ನಲ್ಲಿ ಮಾತಾಡುವವಳು ಭೂಮಿ. ಅಂಗಳವನ್ನೆಲ್ಲ ಗಲೀಜು ಮಾಡಿಟ್ಟ ಮಕ್ಕಳಿಗೆ ತಾಯಿ ರೇಗುವ ಧಾಟಿ. ಅಲ್ಲಿ ಕೇಳುವ ತಾಳ, ಬಾಸ್ ಎಲ್ಲವೂ ಬಾಯಲ್ಲೇ ಮಾಡಿದ್ದು. ಮುಂದೆ ‘ನೆಗ್ಲೆಕ್ಟೆಡ್ ಸ್ಪೇಸ್’ನಲ್ಲಿ ಪಾಳುಬಿದ್ದ ಜಾಗವೇ ಬಾಯಿ ಬಿಡುತ್ತದೆ. ಮನೆಯ ಹತ್ತಿರದ ಬೆಡ್‌ಫರ್ಡ್ಸ್ ಪಾರ್ಕಿನಲ್ಲಿ ಹಾಳಾಗಿದ್ದ ಗೋಡೆಯ ತೋಟವನ್ನು ಊರವರು ಎಬ್ಬಿಸಹೊರಟಾಗ ಹುಟ್ಟಿದ ಹಾಡು.

‘ಮಿ ದ ಮೆಶೀನ್’ನಲ್ಲಿ ಸರದಿ ಯಂತ್ರದ್ದು. ಇದಕ್ಕೆ ಹಿನ್ನೆಲೆ ಒಂದು ಕೈಗವಸು. ವೇದಿಕೆಯ ಮೇಲೆ ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನಿಂತು ಗುಂಡಿ ಒತ್ತುವ ಸಂಗೀತಗಾರ ಸಂಗೀತ ನುಡಿಸುತ್ತಿದ್ದಾನೋ ಇ-ಮೇಲ್ ನೋಡುತ್ತಿದ್ದಾನೋ ಸಭಿಕರಿಗೆ ತಿಳಿಯುವುದಿಲ್ಲ. ಎಲೆಕ್ಟ್ರಾನಿಕ್ ಸಂಗೀತದ ಹಳೆಯ ರೋಗ ಇದು. ಹೀಪ್ 2010ರ ಸುಮಾರಿನಿಂದ ಬ್ರಿಸ್ಟಲ್‌ನ ಸಂಶೋಧಕ ಟಾಮ್ ಮಿಚೆಲ್, ವಸ್ತ್ರವಿನ್ಯಾಸಕಿ ರೇಚೆಲ್ ಫ್ರೈರ್ ಮುಂತಾದವರ ತಂಡದೊಂದಿಗೆ ‘ಮಿ.ಮು’ ಕೈಗವಸುಗಳನ್ನು ಮಾಡಿಸಿದರು. ಬೆರಳು ಎಷ್ಟು ಬಾಗಿತು ಎಂಬುದನ್ನು ಅಳೆಯುವ ಸಂವೇದಕಗಳು, ಮಣಿಕಟ್ಟಿನ ಓಲಾಟವನ್ನು ಹಿಡಿಯುವ ಚಿಪ್, ಕಂಪ್ಯೂಟರಿಗೆ ತಂತಿಯಿಲ್ಲದ ಸಂಪರ್ಕ. ಮುಷ್ಟಿ ಹಿಡಿದರೆ ಆಗಷ್ಟೇ ಹಾಡಿದ ಸ್ವರ ಮುಷ್ಟಿಯೊಳಗೆ ಸಿಕ್ಕುತ್ತದೆ. ಕೈ ಎತ್ತಿದರೆ ಪ್ರತಿಧ್ವನಿ ಹಿಗ್ಗುತ್ತದೆ. ಗಾಳಿಗೆ ಗುದ್ದಿದರೆ ಡ್ರಮ್. 2015ರ ಪ್ರವಾಸದಲ್ಲಿ ಗ್ರಾಂಡೆ ಕೂಡ ಇವನ್ನು ತೊಟ್ಟು ಹಾಡಿದರು. ಯಂತ್ರಕ್ಕೆ ಮೈ ಬರಲಿ ಎಂದು ಮಾಡಿದ ವಾದ್ಯವನ್ನು ತೊಟ್ಟು, ಮೈ ಬೇಕೆಂದು ಹಂಬಲಿಸುವ ಯಂತ್ರದ ಹಾಡನ್ನು ಹೀಪ್ ಹಾಡಿದ್ದು ‘ಮಿ ದ ಮೆಶೀನ್’ನಲ್ಲಿ. ಚಂದದ ಯೋಚನೆ. ಹಾಡು ಮಾತ್ರ ಯೋಚನೆಯಷ್ಟು ಗಟ್ಟಿಯಿಲ್ಲ; ಕಣ್ಣು ಮುಚ್ಚಿ ಕೇಳಿದರೆ ಅರ್ಧ ಸಂಗತಿ ತಪ್ಪಿಹೋಗುತ್ತದೆ.

ಈ ಕೊನೆಯ ಎರಡು ಹಾಡುಗಳು ಸೇರಿದ್ದು 2014ರ ‘ಸ್ಪಾರ್ಕ್ಸ್’ ಆಲ್ಬಮ್ಮಿನಲ್ಲಿ. ಮೂರು ವರ್ಷ ಒಂದೊಂದೇ ಹಾಡಾಗಿ ಮಾಡುತ್ತ ಹೋದರು, ಪ್ರತಿಯೊಂದಕ್ಕೂ ಬೇರೆ ಬೇರೆ ಜತೆಗಾರರು. 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿಯ ಸುದ್ದಿ ಹಸಿಯಾಗಿದ್ದಾಗಲೇ ಶುರುವಾದ ‘ಲೈಫ್‌ಲೈನ್’ಗೆ ಅಭಿಮಾನಿಗಳು ತಮ್ಮ ಮನೆಬಳಕೆಯ ಸದ್ದುಗಳನ್ನು ಕಳಿಸಿಕೊಟ್ಟರು; ಅವನ್ನು ಬೀಜಗಳೆಂದು ಕರೆದು ಹಾಡು ಬೆಳೆಸಿದರು. ಡೆಡ್‌ಮಾವ್5 ಎಂಬ ಕೆನಡಾದ ನೃತ್ಯಸಂಗೀತಗಾರನ ಜತೆ ‘ಟೆಲಿಮಿಸ್‌ಕಮ್ಯುನಿಕೇಶನ್ಸ್’. ದೂರದಲ್ಲಿರುವ ಇಬ್ಬರು ಫೋನಿನಲ್ಲಿ ಒಬ್ಬರ ಮಾತು ಒಬ್ಬರಿಗೆ ತಾಗದೆ ಬಳಲುವುದು. ಅಬ್ಬರಕ್ಕೆ ಹೆಸರಾದ ಆತ ಇಲ್ಲಿ ಪಿಯಾನೊ ಜತೆ ಮೆಲ್ಲಗೆ ಕೂತಿದ್ದಾನೆ. ‘ದ ಲಿಸನಿಂಗ್ ಚೇರ್’ ಬರೀ ಕೊರಳಿನ ಹಾಡು, ಬದುಕಿನ ಏಳೇಳು ವರ್ಷಕ್ಕೆ ಒಂದೊಂದು ಭಾಗ. ವಯಸ್ಸಾದಂತೆ ಸೇರಿಸುತ್ತ ಹೋಗುವ ಲೆಕ್ಕ. ಓಡುವವರ ಹೆಜ್ಜೆಗೆ ಹೊಂದುವಂತೆ ಮಾಡಿದ ‘ರನ್-ಟೈಮ್’ ಕೂಡ ಇದರಲ್ಲಿದೆ. ಪ್ರಯೋಗದ ವರದಿ ಓದಲು ಖುಷಿ, ಹಾಡನ್ನು ಎರಡನೇ ಸಲ ಹಾಕಿಕೊಳ್ಳಲು ಅಷ್ಟಿಲ್ಲ.

ನಮ್ಮ ದೇಶದ ಹಾಡೂ ಈ ಆಲ್ಬಮ್ಮಿನಲ್ಲಿ ಒಂದಿದೆ. 2011ರಲ್ಲಿ ಮೋನಿಕಾ ಡೋಗ್ರಾ ನಡೆಸಿಕೊಟ್ಟ ‘ದಿ ಡ್ಯುವರಿಸ್ಟ್ಸ್’ ಟಿ.ವಿ. ಸರಣಿಯ ಮೊದಲ ಕಂತಿಗಾಗಿ ಹೀಪ್ ರಾಜಸ್ಥಾನಕ್ಕೆ ಬಂದು, ಜೈಪುರದ ಹತ್ತಿರದ ಸಾಮೋದ್ ಅರಮನೆಯಲ್ಲಿ ವಿಶಾಲ್-ಶೇಖರ್ ಜೋಡಿಯೊಂದಿಗೆ ‘ಮೈಂಡ್ಸ್ ವಿದೌಟ್ ಫಿಯರ್’ ಕಟ್ಟಿದರು. ಅದರ ಬೇರು ರವೀಂದ್ರನಾಥ ಠಾಕೂರರ ‘ಗೀತಾಂಜಲಿ’ಯಲ್ಲಿರುವ, ಮನಸ್ಸು ಭಯವಿಲ್ಲದಿರುವ ನಾಡಿನ ಪ್ರಾರ್ಥನೆ. ನಮ್ಮ ಶಾಲೆಗಳ ಗೋಡೆಗಳ ಮೇಲೆ ಬರೆದೂ ಬರೆದೂ ಅದು ನಮಗೆ ಸುಭಾಷಿತವಾಗಿಬಿಟ್ಟಿದೆ. ಮೊದಲ ಸಲ ಎದುರಾದವರು ಅದನ್ನು ಎತ್ತಿಕೊಂಡಾಗ ಬೇಡಿಕೆಯ ತುರ್ತು ಮತ್ತೆ ಕೇಳಿಸುತ್ತದೆ. ವಿಶಾಲ್‌ನ ರಾಕ್ ಗಂಟಲು, ಶೇಖರ್‌ನ ಎಳೆತ, ಹೀಪ್‌ರ ಉಸಿರುದನಿ ಮೂರೂ ಒಂದಕ್ಕೊಂದು ಸರಿಯಾಗಿ ಬೆರೆಯುವುದಿಲ್ಲ. ಸಿತಾರು, ತಬಲ ಸಿಂಪಡಿಸಿ ಪೂರ್ವಪಶ್ಚಿಮ ಸಮ್ಮಿಲನ ಎಂದು ಹೇಳಿಕೊಳ್ಳುವ ರೂಢಿಗಿಂತ ಈ ಬೆರೆಯದಿರುವಿಕೆ ಎಷ್ಟೋ ಪ್ರಾಮಾಣಿಕ.

ಇತರರ ಮನೆಗೆ ಅತಿಥಿಯಾಗಿ ಹೋದಾಗ ಹೀಪ್ ಕೆಲಸ ಇನ್ನೂ ಹದವಾಗಿ ಕಾಣುತ್ತದೆ. ಟೇಲರ್ ಸ್ವಿಫ್ಟ್‌ರ 2014ರ ‘1989’ ಆಲ್ಬಮ್ಮಿನ ಕೊನೆಯ ಹಾಡು ‘ಕ್ಲೀನ್’ ಇಬ್ಬರೂ ಸೇರಿ ಹೀಪ್ ಸ್ಟುಡಿಯೋದಲ್ಲಿ ಮಾಡಿದ್ದು. ಲಂಡನ್ನಿನಲ್ಲಿದ್ದಾಗ, ಹಳೆಯ ಪ್ರಿಯಕರನ ಊರಿನಲ್ಲೇ ಇದ್ದೂ ಅವನ ನೆನಪು ಬಾರದೆ ದಿನ ಕಳೆದದ್ದು ಹೊಳೆದು ಹಾಡು ಬಂತು ಎಂದು ಸ್ವಿಫ್ಟ್ ಹೇಳಿಕೊಂಡಿದ್ದಾರೆ. ಮರೆತದ್ದು ಗೊತ್ತಾಗುವುದು ಮರೆತ ಮೇಲೆ. ಮಾತು ಸ್ವಿಫ್ಟ್‌ರದು, ಹನಿ ಹನಿಯಾಗಿ ತೊಟ್ಟಿಕ್ಕುವ ಎಂಬೀರ ವಾದ್ಯ, ಹಿಂದೆ ಸರಿದು ನಿಂತ ಕೋರಸ್ಸು ಹೀಪ್‌ರದು. ಇಡೀ ಆಲ್ಬಂ ಹೊಳೆಯುವ ಪಾಪ್ ಆಗಿರುವಾಗ ಕೊನೆಗೆ ಬರುವ ಈ ಹಾಡು ಮೇಕಪ್ ತೊಳೆದ ಮುಖದಂತೆ ಕೇಳುತ್ತದೆ.

2016ರಲ್ಲಿ ಕೇಳುಗರು ಇನ್ನೂ ಮಾತು ಬಾರದವರು. ಶಿಶು ಆಹಾರದ ಕಂಪನಿಯೊಂದಕ್ಕಾಗಿ, ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಃಶಾಸ್ತ್ರಜ್ಞರ ನೆರವಿನಿಂದ, ಮಕ್ಕಳನ್ನು ಖುಷಿಪಡಿಸಲೆಂದೇ ‘ದ ಹ್ಯಾಪಿ ಸಾಂಗ್’ ಬರೆದರು. ಕೂಸುಗಳ ಎದೆಬಡಿತ ನಮ್ಮದಕ್ಕಿಂತ ಚುರುಕು, ಆದ್ದರಿಂದ ನಡೆಯೂ ಚುರುಕು. ತುಟಿ ಕೂಡಿ ಬಿಡುವ ಪ, ಬ ಸದ್ದುಗಳು, ತಟ್ಟನೆ ನಿಲ್ಲಿಸಿ ಕಾಯಿಸುವ ಜಾಗಗಳು, ಸೈಕಲ್ ಬೆಲ್ಲು, ಪ್ರಾಣಿಗಳ ಕೂಗು. ಹೀಪ್ ತಮ್ಮ ಪುಟ್ಟ ಮಗಳನ್ನು ಜತೆಗಿಟ್ಟುಕೊಂಡೇ ಹಾಡಿದರು. ಜಾಹೀರಾತಿನ ಕೆಲಸ ಎಂದು ಮೂಗು ಮುರಿಯಬಹುದು. ಅಳುವ ಮಗುವನ್ನು ಕಾರಿನ ಹಿಂಸೀಟಿನಲ್ಲಿ ಕೂರಿಸಿಕೊಂಡು ಹೊರಟವರು ಮುರಿಯಲಾರರು. ಅದೇ ವರ್ಷ ಲಂಡನ್ನಿನಲ್ಲಿ ತೆರೆಕಂಡ ‘ಹ್ಯಾರಿ ಪಾಟರ್ ಅಂಡ್ ದ ಕರ್ಸ್ಡ್ ಚೈಲ್ಡ್’ ನಾಟಕಕ್ಕೆ ತಮ್ಮ ಹಳೆಯ ಹಾಡುಗಳ ಎಳೆಗಳನ್ನೇ ಬಿಚ್ಚಿ, ಮಾತು ತೆಗೆದು, ಹಿನ್ನೆಲೆ ಸಂಗೀತ ನೇಯ್ದರು.

ಹೀಗೆ ಹಾಡುಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟವರಿಗೆ ಹಾಡು ಎಲ್ಲಿ ಹೋಯಿತು, ಅದರ ದುಡ್ಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರದೆ ಇರಲಿಲ್ಲ. 2015ರಲ್ಲಿ ಹಸುಗೂಸಿನ ತಾಯಿಯಾಗಿದ್ದಾಗ ಬರೆದ ‘ಟೈನಿ ಹ್ಯೂಮನ್’ ಹಾಡನ್ನು ಎಥೀರಿಯಂ ಬ್ಲಾಕ್‌ಚೈನ್ ಮೂಲಕ ಮಾರಿದರು. ಕೊಂಡ ಕೂಡಲೇ ಹಣ ಹಾಡುಗಾರರಿಗೂ ನುಡಿಸಿದವರಿಗೂ ಪಾಲಾಗಿ ಹೋಗುವ ಏರ್ಪಾಡು. ಕೊಂಡವರು ತೀರ ಕಡಿಮೆ. ತಾಯ್ತನದ ಬೆರಗನ್ನು, ದಣಿವನ್ನು ಕುರಿತ ಹಾಡು ಕ್ರಿಪ್ಟೊ ಸುದ್ದಿಯಾಗಿ ಓದಿಸಿಕೊಂಡಿತು. ಹಾಡಾಗಿ ಕೇಳಿಸಿಕೊಂಡದ್ದು ಕಮ್ಮಿ. 2024ರ ಕೊನೆಯಲ್ಲಿ ಜೆನ್ ಎಂಬ ಎಐ ಸಂಗೀತ ಕಂಪನಿಯ ಜತೆ ಸೇರಿ, ತಮ್ಮ ಕೆಲವು ಹಾಡುಗಳ ಶೈಲಿಯನ್ನು ‘ಸ್ಟೈಲ್‌ಫಿಲ್ಟರ್’ ಆಗಿ ಒದಗಿಸಿದರು. ಯಾರು ಬೇಕಾದರೂ ದುಡ್ಡು ಕೊಟ್ಟು, ಹೇಳಿ ಕೇಳಿ, ಅದೇ ಛಾಯೆಯ ಹೊಸ ಸಂಗೀತ ಮಾಡಿಕೊಳ್ಳಬಹುದು. ತಮ್ಮದೇ ದನಿಯ ಎಐ ಮಾದರಿಗೆ ‘ಎಐ.ಮೋಜೆನ್’ ಎಂದು ಹೆಸರಿಟ್ಟು ಅದರ ಜತೆ ‘ಆಫ್ಟರ್‌ಕೇರ್’ ಹಾಡಿದರು. ಕದ್ದು ತರಬೇತಿ ಕೊಟ್ಟ ಮಾದರಿಗಳ ಈ ಕಾಲದಲ್ಲಿ, ಕೇಳಿ ಪಡೆಯುವ ದಾರಿಯೊಂದನ್ನು ಕಲಾವಿದರೇ ಹಾಕಿಕೊಡುವುದು ನ್ಯಾಯವೇ.

ಆದರೂ ನನಗೊಂದು ತಕರಾರಿದೆ. ನ್ಯೂಜೆರ್ಸಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದ, ಮನೆಯಲ್ಲಿ ಕೂತು ಸಂಗೀತ ಮಾಡುತ್ತಿದ್ದ ಯುವಕನೊಬ್ಬ ಮುಂದೆ ಕ್ಲ್ಯಾಮ್ಸ್ ಕಸೀನೊ ಎಂದು ಹೆಸರಾದ. ಅವನು 2009ರ ಸುಮಾರಿಗೆ ಆ ಕ್ರಿಸ್‌ಮಸ್ ಜಗಳದ ‘ಜಸ್ಟ್ ಫಾರ್ ನೌ’ ಹಾಡನ್ನು ಚೂರು ಮಾಡಿ, ಮಾತು ಅರ್ಥವಾಗದಷ್ಟು ಮಸುಕಾಗಿಸಿ, ‘ಐ ಆ್ಯಮ್ ಗಾಡ್’ ಎಂಬ ಬೀಟ್ ಮಾಡಿದ. ಲಿಲ್ ಬಿ ಅದರ ಮೇಲೆ ರ‍್ಯಾಪ್ ಹೇಳಿದ. ಮುಂದಿನ ವರ್ಷಗಳ ಹಿಪ್‌ಹಾಪ್‌ನ ಒಂದು ಮಂಜುಮಂಜಾದ ಶಾಖೆಯೇ ಅಲ್ಲಿಂದ ಟಿಸಿಲೊಡೆಯಿತು. ಅಧಿಕೃತ ಒಪ್ಪಿಗೆ ಪಡೆದು, ಹೀಪ್ ಹೆಸರನ್ನೂ ಸೇರಿಸಿ ಅದು ಬಿಡುಗಡೆಯಾದದ್ದು 2020ರಲ್ಲಿ. ಫಿಲ್ಟರು ಹೀಪ್‌ರ ಶೈಲಿಯನ್ನು ಚಾಚೂ ತಪ್ಪದೆ ತಿರುಗಿ ಕೊಡಬಲ್ಲದು. ಇವನು ಮಾಡಿದ್ದು ಅದಕ್ಕೆ ತೀರ ಉಲ್ಟಾ: ಹೀಪ್ ಹಾಡಿನಲ್ಲಿ ಹೀಪ್‌ಗೇ ಕಾಣದಿದ್ದ ಹಾಡೊಂದನ್ನು ತಪ್ಪಾಗಿ ಕೇಳಿಸಿಕೊಂಡು ಹೊರತೆಗೆದ. ಮೊದಲೇ ಅನುಮತಿ ಕೇಳಿ ಶುಲ್ಕ ಕಟ್ಟಬೇಕಾಗಿದ್ದರೆ ಆ ವಿದ್ಯಾರ್ಥಿ ಆ ಫೈಲನ್ನು ತೆರೆಯುತ್ತಿದ್ದನೇ ಎಂಬುದು ಅನುಮಾನ.